ಓದಿದೆಯಾ ಎಂದು ಕೇಳದವರಿಗೆ

ಮೊನ್ನೆ ಸೋಮವಾರ ಕೆಲಸಕ್ಕೆ ವಾಪಸ್ ಹೋದೆ. ಬೆನ್ನಿನ ಆಪರೇಷನ್ ಆಗಿ 7 ತಿಂಗಳು. ಕುರ್ಚಿಯಲ್ಲಿ ಒಂದೇ ಸಮನೆ 40 ನಿಮಿಷ ಕೂತೆ. ಕೂತಿದ್ದಕ್ಕೂ ಸಂಭ್ರಮಪಡುವ ಕಾಲ ಬಂದೀತು ಅಂತ ಎಣಿಸಿರಲಿಲ್ಲ.

ಆರೈಕೆ ಮಾಡಿದವರಿಗೆ, ಕೈಹಿಡಿದು ನಡೆಸಿದವರಿಗೆ, ನನ್ನ ಪಾಲಿನ ಕೆಲಸವನ್ನು ಗೊಣಗದೆ ಹೊತ್ತವರಿಗೆ ಎದುರಿಗೇ ಹೇಳಿದ್ದೇನೆ. ಇಲ್ಲಿ ಬರೆಯುತ್ತಿರುವುದು ಪುಸ್ತಕ ತಂದುಕೊಟ್ಟವರಿಗೆ. ಅದರಲ್ಲೂ, ಕೊಟ್ಟಮೇಲೆ ‘ಓದಿದೆಯಾ?’ ಅಂತ ಕೇಳದವರಿಗೆ.

ಮೊದಲ ತಿಂಗಳು ಬಂದ ಪುಸ್ತಕಗಳಿಗೆ ಲೆಕ್ಕವಿಲ್ಲ. ಬೆಳಿಗ್ಗೆ ಐದಕ್ಕೇ ಏಳಿ, ಗುರಿ ಬರೆದು ಗೋಡೆಗೆ ಅಂಟಿಸಿ, ನಿಮ್ಮ ಬದುಕಿಗೆ ನೀವೇ ಹೊಣೆ. ಮಗ್ಗುಲು ಬದಲಿಸಲು ಇನ್ನೊಬ್ಬರ ಕೈ ಬೇಕಾಗಿದ್ದವನಿಗೆ ಇದನ್ನೆಲ್ಲ ಓದಿದರೆ ಏನಾಗಬೇಕು? ನಗು ಬರುತ್ತಿತ್ತು, ನಕ್ಕರೆ ಹೊಲಿಗೆ ನೋಯುತ್ತಿತ್ತು. ಇನ್ನೊಂದು ವಿಷಯ, ಮಲಗಿ ಓದಿದವರಿಗಷ್ಟೇ ಗೊತ್ತಿರುವುದು: ಅಂಗಾತ ಮಲಗಿ ಎರಡೂ ಕೈಯಲ್ಲಿ ಎತ್ತಿ ಹಿಡಿದ ದಪ್ಪ ಪುಸ್ತಕ ಹತ್ತು ನಿಮಿಷದಲ್ಲಿ ಮೂಗಿನ ಮೇಲೆ ಬೀಳುತ್ತದೆ. ಹಾಗಾಗಿ ನನ್ನ ಆಯ್ಕೆಯಲ್ಲಿ ತತ್ವಕ್ಕಿಂತ ತೂಕವೇ ಮುಖ್ಯವಾಗಿತ್ತು.

ಅಕ್ಕ ತಂದಿದ್ದು ತೆಳ್ಳಗಿತ್ತು. ಬೈಂಡು ಸಡಿಲವಾಗಿ, ಅಲ್ಲಲ್ಲಿ ಪೆನ್ಸಿಲ್ ಗೆರೆ ಬಿದ್ದಿದ್ದ ಅವಳದೇ ಪ್ರತಿ. ರೋಮಿನ ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ತನಗೆ ತಾನೇ ಬರೆದುಕೊಂಡ ಟಿಪ್ಪಣಿಗಳು. ‘ಮೊದಲನೇ ಭಾಗ ಬೋರ್ ಹೊಡೆದರೆ ಹಾರಿಸಿಬಿಡು, ಬರೀ ಥ್ಯಾಂಕ್ಸ್ ಇದೆ ಅದರಲ್ಲಿ’ ಅಂದಳು. ದಿಂಬಿನ ಪಕ್ಕ ಇಟ್ಟು ಹೋದಳು, ಅಷ್ಟೇ.

ನಾನು ಸಿಕ್ಕಿಬಿದ್ದದ್ದು ಆ ಮೊದಲನೇ ಭಾಗದಲ್ಲೇ. ಇಡೀ ಪುಸ್ತಕದಲ್ಲಿ 12 ಭಾಗಗಳು. ಮೊದಲನೆಯದರಲ್ಲಿ 17 ತುಣುಕು, ಎಲ್ಲವೂ ಋಣದ ಲೆಕ್ಕ. ತಾತನಿಂದ ಇದು ಬಂತು, ತಾಯಿಯಿಂದ ಇದು, ಮೇಷ್ಟರಿಂದ ಇದು. ಏಳನೆಯದರಲ್ಲಿ ರಸ್ಟಿಕಸ್ ಎಂಬ ಗುರುವಿನ ಸರದಿ. ಅವನಿಂದ ಕಲಿತದ್ದನ್ನೆಲ್ಲ ಹೇಳಿ ಕೊನೆಗೆ ಚಕ್ರವರ್ತಿ ನೆನೆಯುವುದೇನನ್ನು ಗೊತ್ತೇ? ಎಪಿಕ್ಟೆಟಸ್ ಎಂಬ ತತ್ವಜ್ಞಾನಿಯ ಮಾತುಗಳ ಬರಹವನ್ನು ತನ್ನ ಸ್ವಂತ ಪ್ರತಿಯಿಂದಲೇ ನನಗೆ ಕೊಟ್ಟ, ಎಂದು. ಪುಸ್ತಕ ಕೊಟ್ಟವನಿಗೆ ಸುಮಾರು 1850 ವರ್ಷಗಳ ಹಿಂದಿನ ಥ್ಯಾಂಕ್ಸ್!

ಆ ಎಪಿಕ್ಟೆಟಸ್ ಹುಟ್ಟಿದ್ದು ಗುಲಾಮನಾಗಿ. ಆಮೇಲೆ ಬಿಡುಗಡೆಯಾಗಿ ಪಾಠ ಹೇಳಿದ, ಆದರೆ ತಾನಾಗಿ ಒಂದಕ್ಷರ ಬರೆದಿಡಲಿಲ್ಲ. ಅರಿಯನ್ ಅನ್ನುವ ಶಿಷ್ಯ ಕೇಳಿದ್ದನ್ನು ಬರೆದಿಟ್ಟ. ಆ ಬರಹ ರಸ್ಟಿಕಸ್‌ನ ಮನೆ ಸೇರಿತು, ಅಲ್ಲಿಂದ ಚಕ್ರವರ್ತಿಯ ಕೈಗೆ. ಈ ಸಾಲಿನಲ್ಲಿ ಒಬ್ಬ ‘ನನಗೇಕೆ’ ಅಂದಿದ್ದರೂ ಮುಗಿಯಿತು. ಆ ರಾತ್ರಿ ನೋವಿನ ಮಾತ್ರೆ ಕೆಲಸ ಮಾಡುವುದನ್ನು ಕಾಯುತ್ತ ಮಲಗಿದ್ದವನು, ಸಾಲಿನ ಈ ತುದಿಯಲ್ಲಿ ಅಕ್ಕನನ್ನೂ ಅವಳ ಪೆನ್ಸಿಲ್ ಗೆರೆಗಳನ್ನೂ ನಿಲ್ಲಿಸಿ ನೋಡಿದೆ. ಮನಸ್ಸು ಹಗುರಾಯಿತು ಅಂದರೆ ಸುಳ್ಳು. ಒಬ್ಬನೇ ಇದ್ದೇನೆ ಅನ್ನಿಸುವುದು ಮಾತ್ರ ನಿಂತಿತು.

ಗೆಳೆಯನೊಬ್ಬನಿಗೆ ಸ್ವಲ್ಪ ಜಗಳ ಸೇರಿಸಿಯೇ ಥ್ಯಾಂಕ್ಸ್ ಹೇಳಬೇಕು. ವಿಕ್ಟರ್ ಫ್ರಾಂಕ್ಲ್‌ನ ಪುಸ್ತಕ ತಂದವನು ಅವನು. ವಿಯೆನ್ನಾದ ಮನೋವೈದ್ಯ, ಆಷ್‌ವಿಟ್ಸ್ ಸೇರಿ ನಾಲ್ಕು ನಾಜಿ ಶಿಬಿರಗಳನ್ನು ದಾಟಿ ಬದುಕಿ ಬಂದು, ಯುದ್ಧ ಮುಗಿದ ವರ್ಷ ಒಂಬತ್ತೇ ದಿನದಲ್ಲಿ ಬರೆದು ಮುಗಿಸಿದ ಪುಸ್ತಕ, ಅಚ್ಚಾದದ್ದು 1946ರಲ್ಲಿ. ಇದನ್ನೆಲ್ಲ ಹೇಳಿದ ಗೆಳೆಯ, ‘ಅವನ ಕಷ್ಟದ ಮುಂದೆ ನಿನ್ನದೇನು ಮಾರಾಯ’ ಅಂದುಬಿಟ್ಟ. ಪುಸ್ತಕವನ್ನು ಒಂದು ತಿಂಗಳು ಬೋರಲು ಹಾಕಿ ಇಟ್ಟಿದ್ದೆ. ಕಡೆಗೊಂದು ದಿನ ಬೇರೇನೂ ಇಲ್ಲದೆ ತೆಗೆದರೆ, ಫ್ರಾಂಕ್ಲ್ ಹೇಳುತ್ತಿರುವುದೇ ಬೇರೆ. ಖಾಲಿ ಕೋಣೆಗೆ ಬಿಟ್ಟ ಅನಿಲ, ಕೋಣೆ ಎಷ್ಟೇ ದೊಡ್ಡದಿರಲಿ, ಮೂಲೆಮೂಲೆಗೂ ತುಂಬಿಕೊಳ್ಳುತ್ತದೆ. ನೋವೂ ಹಾಗೇ, ಸಣ್ಣದಾಗಲಿ ದೊಡ್ಡದಾಗಲಿ ಮನುಷ್ಯನನ್ನು ಪೂರ್ತಿ ಆವರಿಸುತ್ತದೆ ಅನ್ನುತ್ತಾನೆ. ಶಿಬಿರದಿಂದ ಬಂದವನೇ ನನ್ನ ಬೆನ್ನುನೋವನ್ನು ಚಿಕ್ಕದು ಮಾಡಲಿಲ್ಲ ಕಣೋ, ನೀನು ಯಾಕೆ ಮಾಡಿದೆ? ಆದರೂ ತಂದುಕೊಟ್ಟವನು ನೀನೇ. ಬಾ, ಕೂತು ಮಾತಾಡೋಣ, ಈಗ ಕೂರಬಲ್ಲೆ.

ಅಕ್ಕನ ಮಗಳು ರಜೆಯಲ್ಲಿ ಬಂದು ಮೊಂಟೇನ್‌ನ ಪ್ರಬಂಧಗಳನ್ನು ಗಟ್ಟಿಯಾಗಿ ಓದಿ ಹೇಳಿದಳು. 16ನೇ ಶತಮಾನದ ಫ್ರೆಂಚ್ ಮನುಷ್ಯ, ಮೂತ್ರಪಿಂಡದ ಕಲ್ಲಿನಿಂದ ನರಳಿದವನು. ಅದರ ವರ್ಣನೆಯ ನಡುವೆಯೇ ಕಿವಿ ತುರಿಸಿಕೊಳ್ಳುವ ಸುಖದ ಬಗ್ಗೆಯೂ ಬರೆಯುತ್ತಾನೆ. ಅವಳು ನಗುತ್ತ ಓದು ನಿಲ್ಲಿಸಿ, ‘ಮಾಮಾ, ಇದು ಫಿಲಾಸಫಿನಾ?’ ಅಂದಳು. ಹೌದು ಕಣೇ.

ದೊಡ್ಡಪ್ಪ ಪುಸ್ತಕ ಕೊಡಲಿಲ್ಲ. ದಿನಾ ರಾತ್ರಿ ಫೋನಿನಲ್ಲಿ ಕಗ್ಗದ ಒಂದು ಪದ್ಯವನ್ನು ತಮ್ಮ ದನಿಯಲ್ಲೇ ಓದಿ ಕಳಿಸಿದರು. ಅರ್ಥ ಹೇಳಲಿಲ್ಲ, ನೀತಿ ಸೇರಿಸಲಿಲ್ಲ. ನಡುವೆ ಒಂದು ಕೆಮ್ಮು, ಕೊನೆಗೆ ‘ಮಲಗಪ್ಪ’. ಡಿವಿಜಿಯವರು 1943ರಲ್ಲಿ ತಂದ ಆ ಪುಸ್ತಕದಲ್ಲಿ 945 ಪದ್ಯಗಳಿವೆ, ದಿನಕ್ಕೊಂದರಂತೆ ಎರಡೂವರೆ ವರ್ಷಕ್ಕೂ ಮಿಕ್ಕಿ ಬೇಕು. ನಾವಿನ್ನೂ ಕಾಲುಭಾಗವೂ ದಾಟಿಲ್ಲ. ಕತ್ತಲಲ್ಲಿ ಕಿವಿಗೆ ಬೀಳುವ ಆ ‘ಮಂಕುತಿಮ್ಮ’ ನನ್ನನ್ನೇ ಕರೆದ ಹಾಗಿರುತ್ತಿತ್ತು. ಬೆನ್ನು ಸರಿಯಾಯಿತು ಅಂತ ನಿಲ್ಲಿಸಬೇಡಿ ದೊಡ್ಡಪ್ಪ.

ಒಂದು ಕ್ಷಮೆಯೂ ಬಾಕಿ ಇದೆ. ಎರಡು ವರ್ಷದ ಹಿಂದೆ ನನ್ನ ಜೊತೆ ಕೆಲಸ ಮಾಡುವ ಹುಡುಗ ತಂದೆಯನ್ನು ಕಳೆದುಕೊಂಡಾಗ, ದುಃಖವನ್ನು ನಿಭಾಯಿಸುವುದು ಹೇಗೆ ಅನ್ನುವಂಥ ಪುಸ್ತಕವೊಂದನ್ನು ಕೊಟ್ಟಿದ್ದೆ. ನಾಲ್ಕನೇ ದಿನಕ್ಕೇ ‘ಎಲ್ಲಿಗೆ ಬಂತು?’ ಅಂತ ಕೇಳಿದ್ದೆ. ‘ಓದ್ತಾ ಇದೀನಿ ಸರ್’ ಅಂದಿದ್ದ, ತಲೆ ಎತ್ತದೆ. ದಿಂಬಿನ ಪಕ್ಕ ರಾಶಿ ಬಿದ್ದ ಪುಸ್ತಕಗಳನ್ನು ನೋಡಿದಾಗಲೆಲ್ಲ ಆ ಬಗ್ಗಿದ ತಲೆ ನೆನಪಾಗುತ್ತಿತ್ತು. ತಪ್ಪಾಯಿತಪ್ಪ. ಓದಿರದಿದ್ದರೆ ಓದಲೇಬೇಡ, ಓದಿ ಎಸೆದಿದ್ದರೂ ಸರಿಯೇ.

ಅಕ್ಕಾ, ನಿನ್ನ ಪುಸ್ತಕ ಈ ಭಾನುವಾರ ವಾಪಸ್ ತರುತ್ತೇನೆ. ಬೈಂಡಿಗೆ ಗೋಂದು ಹಾಕಿಸಿದ್ದೇನೆ. ನಾಲ್ಕನೇ ಭಾಗದಲ್ಲಿ ಸಿರಪ್ ಚೆಲ್ಲಿದ ಕಲೆ ಇದೆ, ಎಷ್ಟು ಒರೆಸಿದರೂ ಹೋಗಲಿಲ್ಲ. ಅಲ್ಲೇ ಅಂಚಿನಲ್ಲಿ ನೀನು ಯಾವತ್ತೋ ಒಂದು ಪ್ರಶ್ನೆ ಚಿಹ್ನೆ ಹಾಕಿ ಆಮೇಲೆ ರಬ್ಬರಿನಿಂದ ಅಳಿಸಿದ್ದೀಯ, ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಅದರ ಕೆಳಗೆ ನಾನೊಂದು ಹಾಕಿದ್ದೇನೆ, ಅಳಿಸಿಲ್ಲ.