ಎಲ್ಲದಕ್ಕೂ ಫಾರ್ಮ್ಯಾಟ್ ಒಂದೇ ಮದ್ದೇ?

ಮಾನ್ಯ ಸಂಪಾದಕರೇ,

ನನ್ನದು ನವನಗರದಲ್ಲಿ ಸಣ್ಣ ಡಿಟಿಪಿ ಅಂಗಡಿ. ಹೋದ ತಿಂಗಳು ಲಗ್ನಪತ್ರಿಕೆ ಕೆಲಸ ಮೈಮೇಲೆ ಬಿದ್ದಿರುವಾಗಲೇ ಕಂಪ್ಯೂಟರ್ ಕೈಕೊಟ್ಟಿತು. ನಿಜ ಹೇಳಬೇಕೆಂದರೆ ಕೈಕೊಡುವ ಹಾಗೆ ಮಾಡಿದ್ದು ನಾನೇ. ಅದರಲ್ಲಿ ಎರಡು ಡಿಸ್ಕ್ ಇದ್ದವು: ಹಳೆಯ 1 ಟಿಬಿ ಹಾರ್ಡ್ ಡಿಸ್ಕ್, ಆಮೇಲೆ ಹಾಕಿಸಿದ, ಚಿಪ್ಪುಗಳಲ್ಲಿ ಫೈಲು ಇಡುವ ವೇಗದ ಡಿಸ್ಕ್ ಅಂದರೆ ಎಸ್‌ಎಸ್‌ಡಿ. ವಿಂಡೋಸ್ ಇದ್ದದ್ದು ಎಸ್‌ಎಸ್‌ಡಿಯಲ್ಲಿ. ಹಳೆಯದು ಟಿಕ್ ಟಿಕ್ ಅನ್ನತೊಡಗಿತ್ತು, ಇದು ಇನ್ನೇನು ಹೋಗುತ್ತದೆ ಅಂತ ಫೈಲುಗಳನ್ನೆಲ್ಲ ಕಾಪಿ ಮಾಡಿಕೊಂಡು ಅದರ ವೈರ್ ಕಿತ್ತುಬಿಟ್ಟೆ. ಮತ್ತೆ ಆನ್ ಮಾಡಿದರೆ ಕಪ್ಪು ಪರದೆ, ಅದರ ಮೇಲೆ 'ಸರಿಯಾದ ಬೂಟ್ ಡಿವೈಸ್ ಆರಿಸಿ' ಅಂತ ಇಂಗ್ಲಿಷಿನಲ್ಲಿ ಬಿಳಿ ಅಕ್ಷರ.

ರಿಪೇರಿಗೆ ಒಯ್ದರೆ ಐದೇ ನಿಮಿಷದಲ್ಲಿ ತೀರ್ಪು ಬಂತು. 'ಎಸ್‌ಎಸ್‌ಡಿ ಹೋಗಿದೆ, ಹೊಸದು ಹಾಕಿ ಫಾರ್ಮ್ಯಾಟ್ ಮಾಡಬೇಕು.' ಒಳಗಿದ್ದ ಡಿಸೈನುಗಳ ಗತಿ? ಅವರು ಹೆಗಲು ಹಾರಿಸಿದರು.

ಸುಮ್ನೆ ವಾಪಸ್ ತಂದೆ. ಡಿಪ್ಲೊಮಾ ಓದುತ್ತಿರುವ ನಮ್ಮ ಅಕ್ಕನ ಮಗ ಮೊದಲು ಬಯೋಸ್ (ವಿಂಡೋಸ್ ಶುರುವಾಗುವುದಕ್ಕೂ ಮೊದಲು ಸಿಗುವ ಕಂಪ್ಯೂಟರಿನ ಸೆಟ್ಟಿಂಗ್ ಪರದೆ) ತೆರೆದು ನೋಡಿದ. ಎಸ್‌ಎಸ್‌ಡಿಯ ಹೆಸರು, ಅಳತೆ ಎರಡೂ ಅಲ್ಲಿ ಸರಿಯಾಗಿ ಕಾಣುತ್ತಿತ್ತು. 'ಮಾಮಾ, ಸತ್ತ ಡಿಸ್ಕ್ ಹಿಂಗೆ ಹಾಜರಿ ಕೊಡೋದಿಲ್ಲ' ಅಂದ. ಹಳೆಯ ಡಿಸ್ಕಿನ ವೈರ್ ಮತ್ತೆ ಜೋಡಿಸಿದ, ಕಂಪ್ಯೂಟರ್ ಏನೂ ಆಗದವರ ಹಾಗೆ ಶುರುವಾಯಿತು!

ಆಗಿದ್ದಿಷ್ಟೇ. ಹಳೆಯ ಡಿಸ್ಕ್ ಒಳಗಿರುವಾಗಲೇ ಹೊಸದಕ್ಕೆ ವಿಂಡೋಸ್ ಹಾಕಿದರೆ, ಅದು ತನ್ನ ಬೂಟ್ ಫೈಲುಗಳನ್ನು (ಆನ್ ಮಾಡಿದಾಗ ವಿಂಡೋಸನ್ನು ಶುರು ಮಾಡಿಸುವ ಫೈಲುಗಳು) ಎಷ್ಟೋ ಸಲ ಹಳೆಯದರಲ್ಲಿ ಮೊದಲೇ ಇರುವ, ಅಂಥ ಫೈಲುಗಳಿಗೆಂದೇ ಮೀಸಲಾದ ಸಣ್ಣ ಭಾಗವಾದ ಇಎಫ್‌ಐ ಪಾರ್ಟಿಷನ್‌ನಲ್ಲೇ ಇಟ್ಟುಬಿಡುತ್ತದೆ. ಆಲಮಟ್ಟಿ ಹಿನ್ನೀರಿಗೆ ಹಳೇ ಊರು ಬಿಟ್ಟು ನವನಗರಕ್ಕೆ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಸಾಮಾನೆಲ್ಲ ಹೊಸ ಮನೆಗೆ ಬಂತು, ಬೀಗದ ಕೈ ಮಾತ್ರ ಹಳೇ ಮನೆಯ ಗೂಡಿನಲ್ಲೇ ಉಳಿಯಿತು. ಹುಡುಗ ಸಿ ಡ್ರೈವ್ ಸ್ವಲ್ಪ ಕುಗ್ಗಿಸಿ ಎಸ್‌ಎಸ್‌ಡಿಯಲ್ಲೇ ಒಂದು ಸಣ್ಣ ಇಎಫ್‌ಐ ಪಾರ್ಟಿಷನ್ ಮಾಡಿದ, ಬಿಸಿಡಿಬೂಟ್ ಅನ್ನುವ ಕಮಾಂಡ್ ಕೊಟ್ಟು ಬೂಟ್ ಫೈಲುಗಳನ್ನು ಅಲ್ಲಿಗೆ ಬರೆಸಿದ. ಅದು ವಿಂಡೋಸ್ ಜೊತೆಗೇ ಬರುತ್ತದೆ, ಬೇರೆ ದುಡ್ಡಿಲ್ಲ. (ಇದನ್ನು ಗೊತ್ತಿಲ್ಲದವರು ಮಾಡಬೇಡಿ, ತಪ್ಪು ಪಾರ್ಟಿಷನ್ ಅಳಿಸಿದರೆ ಆಗ ನಿಜಕ್ಕೂ ಎಲ್ಲ ಹೋಗುತ್ತದೆ.)

ಎಲ್ಲ ಕೇಸೂ ಹೀಗೇ ಇರುತ್ತದೆ ಅಂತಲ್ಲ. ಸಿಕ್ಕಿಸಿಟ್ಟ ಪೆನ್‌ಡ್ರೈವ್, ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಸಡಿಲಾಗಿದ್ದರೆ ಅದು ಕೂಡ ಇದೇ ಆಟ ಆಡಿಸುತ್ತವೆ. ಮದರ್‌ಬೋರ್ಡಿನಲ್ಲಿ ನಾಣ್ಯದಂಥ 3 ವೋಲ್ಟಿನ ಸೆಲ್ ಇರುತ್ತದಲ್ಲ, ಸಿಆರ್2032, ಅದು ಸತ್ತರೆ ಬಯೋಸ್ ಸೆಟ್ಟಿಂಗ್ ಮರೆತುಹೋಗಿ ಕಂಪ್ಯೂಟರ್ ಬೇರೆ ಡಿಸ್ಕಿನಲ್ಲಿ ವಿಂಡೋಸ್ ಹುಡುಕುತ್ತ ಕೂರಬಹುದು. ತಾರೀಖು ಹಿಂದಕ್ಕೆ ಹೋಗಿದ್ದರೆ ಮೊದಲು ಅದನ್ನೇ ನೋಡಿ. ಕಡಿಮೆ ದುಡ್ಡಿನ ಸೆಲ್ ಬದಲಿಸಿದರೆ ಮುಗಿಯುವ ಕೆಲಸಕ್ಕೆ ವರ್ಷಗಳ ಫೋಟೋ, ಲೆಕ್ಕಪತ್ರ ಅಳಿಸಿಕೊಂಡವರನ್ನು ಕಂಡಿದ್ದೇನೆ, ಅದಕ್ಕೇ ಹೊಟ್ಟೆ ಉರಿಯುತ್ತದೆ.

ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸ ಎಸ್‌ಎಸ್‌ಡಿ, ಹೊಸ ವಿಂಡೋಸ್ ಅಂತ ಅಂಗಡಿಗೆ ಹೋಗುವವರು ಈಗ ಜಾಸ್ತಿ. ರಿಪೇರಿ ಮಾಡುವ ಗೆಳೆಯರಲ್ಲಿ ಕೇಳುವುದು ಎರಡೇ. ವಿಂಡೋಸ್ ಹಾಕುವಾಗ ಉಳಿದ ಡಿಸ್ಕುಗಳ ವೈರ್ ಬಿಚ್ಚಿಡಿ, ಮುಗಿದ ಮೇಲೆ ಜೋಡಿಸಿದರಾಯಿತು. ಮತ್ತೆ, ಬೂಟ್ ಫೈಲುಗಳು ಯಾವ ಡಿಸ್ಕಿನಲ್ಲಿವೆ ಅಂತ ಬಿಲ್ಲಿನ ಹಿಂದೆ ಒಂದು ಸಾಲು ಬರೆದುಕೊಡಿ.

– ಒಬ್ಬ ಡಿಟಿಪಿ ಅಂಗಡಿಯವ, ನವನಗರ, ಬಾಗಲಕೋಟೆ