ನಾಲ್ಕೂವರೆಯ ವ್ಯಾನು

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಮಂಗಳವಾರ ಬಂತು. "ನಾನು ಚೆನ್ನಾಗಿದ್ದೇನೆ, ಊಟ ಚೆನ್ನಾಗಿದೆ, ಟೀಚರ್‌ಗಳು ಒಳ್ಳೆಯವರು, ಚಿಂತೆ ಮಾಡಬೇಡಿ." ಅಮ್ಮ ಎರಡು ಸಲ ಓದಿ, ಮಡಚಿ ದೇವರ ಮುಂದೆ ಇಟ್ಟಳು. ಅವಳಿಗೆ ಸಮಾಧಾನ ಆಯಿತು. ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಯಾಕೆಂದರೆ ಇದೇ ಕಾಗದವನ್ನು ನಾನೂ ಬರೆದಿದ್ದೇನೆ. ಮೂರು ವರ್ಷ ಬರೆದಿದ್ದೇನೆ.

1993ರಲ್ಲಿ ಏಳನೇ ಕ್ಲಾಸು ಮುಗಿಸಿ ಶಿವಮೊಗ್ಗದ ಒಂದು ಹಾಸ್ಟೆಲ್ ಸೇರಿದೆ. ಹೆಸರು ಬೇಡ ಬಿಡು. ಒಂದೇ ಹಾಲ್, 40 ಹುಡುಗರು, 40 ಟ್ರಂಕು. ಬರೆದ ಕಾಗದವನ್ನು ಅಂಟಿಸದೆ ವಾರ್ಡನ್ ಕೈಗೆ ಕೊಡಬೇಕಿತ್ತು. ಅವರು ಓದಿದ ಮೇಲೆಯೇ ಅಂಚೆಗೆ. ಜ್ವರ ಬಂದು ನಾಲ್ಕು ದಿನ ಮಲಗಿದ್ದಾಗಲೂ ನಾನು "ಕ್ಷೇಮ" ಅಂತಲೇ ಬರೆದೆ. ಅಜ್ಜ ಆ ಕಾಗದಗಳನ್ನೆಲ್ಲ ತಂತಿಗೆ ಚುಚ್ಚಿ ಇಟ್ಟಿದ್ದರು. ಅವರು ಹೋದ ಮೇಲೆ ಒಂದು ದಿನ ತೆಗೆದು ಓದಿದೆ. ಅಷ್ಟು ಕಾಗದದಲ್ಲಿ ಒಂದರಲ್ಲೂ ನಾನಿಲ್ಲ, ಪುಟ್ಟಿ.

ಜೂನ್ ಕೊನೆಯಲ್ಲಿ ಕಂಬಳಿ ಕೊಡೋಕೆ ಬಂದಿದ್ದೆನಲ್ಲ. ಬಸ್ಸು ತಡವಾಗಿ, ನಾನು ಗೇಟಿಗೆ ಬರುವಾಗ ನಾಲ್ಕೂವರೆ. ತೀರ್ಥಹಳ್ಳಿ ಪೇಟೆಯ ಕಡೆಗೆ ವ್ಯಾನು ಹೊರಟಿತ್ತು. ಮನೆಯಿಂದ ಬಂದುಹೋಗುವ ಮಕ್ಕಳೆಲ್ಲ ಅದರಲ್ಲಿದ್ದರು. ನೀನು ಮೆಟ್ಟಿಲ ಮೇಲೆ ನಿಂತು ನಿನ್ನ ಗೆಳತಿಗೆ ಟಾಟಾ ಮಾಡುತ್ತಿದ್ದೆ. ವ್ಯಾನು ತಿರುವು ದಾಟಿತು. ಸದ್ದೂ ನಿಂತಿತು. ನಿನ್ನ ಕೈ ಮಾತ್ರ ಕೆಳಗೆ ಇಳಿಯಲಿಲ್ಲ. ನಾನು ಕೊಡೆ ಹಿಡಿದು ನೇರಳೆ ಮರದ ಕೆಳಗೆ ನಿಂತಿದ್ದೆ, ನೀನು ನೋಡಿರಲಿಲ್ಲ. ಆಮೇಲೆ ನೋಡಿದೆ, ನಗುತ್ತಾ ಓಡಿ ಬಂದೆ. ಆ ನಗು ನೋಡಿ ಬಂದೆ ಅಂತ ಅಮ್ಮನಿಗೆ ಹೇಳಿದೆ. ಆ ಕೈಯ ವಿಷಯ ಹೇಳಲಿಲ್ಲ.

ನಮ್ಮ ಹಾಸ್ಟೆಲಿನಲ್ಲಿ ಎಲ್ಲರದ್ದೂ ಒಂದೇ ಪಾಡು. ಅಲ್ಲಿ ಮನೆಗೆ ಹೋಗುವವರನ್ನು ದಿನಾ ನೋಡಬೇಕಿರಲಿಲ್ಲ. ನಿನ್ನಲ್ಲಿ ಪ್ರತಿದಿನ ಅರ್ಧ ಶಾಲೆ ಮನೆಗೆ ಹೋಗುತ್ತದೆ, ಅರ್ಧ ಉಳಿಯುತ್ತದೆ. ಆಗಿನಿಂದ ದೀಪ ಹಾಕುವವರೆಗಿನ ಹೊತ್ತು ಎಷ್ಟು ಉದ್ದ ಇರಬಹುದು ಅಂತ ಸೇರಿಸುವಾಗ ನಾನು ಯೋಚನೆಯೇ ಮಾಡಲಿಲ್ಲ. ಅದು ನನ್ನ ತಪ್ಪು.

ಯಾಕೆ ಕಳಿಸಿದೆವು ಅಂತ ನಿನಗೆ ಗೊತ್ತು. ನಮ್ಮೂರ ಶಾಲೆ ಏಳಕ್ಕೆ ಮುಗಿಯುತ್ತದೆ. ಹೈಸ್ಕೂಲಿಗೆ ಹಳ್ಳ ದಾಟಿ ಬಸ್ಸು ಹಿಡಿಯಬೇಕು. ಕಾಲುಸಂಕದ ಮೇಲೆ ನೀರು ಹತ್ತಿದರೆ ವಾರಗಟ್ಟಲೆ ಮನೆಯಲ್ಲೇ. ಮಲೆನಾಡಿನ ಊರುಗಳೇ ಹಾಗೆ, ಒಂದೊಂದು ತೋಟದ ತಲೆಯಲ್ಲಿ ಒಂದೊಂದು ಮನೆ. ಓದಬೇಕು ಅಂದವರು ಮನೆ ಬಿಟ್ಟೇ ಹೋಗಬೇಕಿತ್ತು. ಕುವೆಂಪು ಅವರೂ ಕುಪ್ಪಳಿ ಬಿಟ್ಟು ತೀರ್ಥಹಳ್ಳಿಗೆ, ಆಮೇಲೆ ಮೈಸೂರಿಗೆ ಹೋಗಿಯೇ ಓದಿದ್ದು. ನಿನ್ನ ಅಜ್ಜ ಸಾಗರದಲ್ಲಿ ವಾರಾನ್ನ ಮಾಡಿಕೊಂಡು ಓದಿದರು. ಸೋಮವಾರ ಒಬ್ಬರ ಮನೆಯಲ್ಲಿ ಊಟ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ. ಗುರುವಾರಕ್ಕೆ ಮಾತ್ರ ಮನೆ ಸಿಕ್ಕಿರಲಿಲ್ಲವಂತೆ. ಗುರುವಾರ ನೆನೆಸಿದ ಅವಲಕ್ಕಿ. ಕೊನೆಯವರೆಗೂ ಅಜ್ಜ ಅವಲಕ್ಕಿ ಮುಟ್ಟಲಿಲ್ಲ, ನೆನಪಿದೆ ಅಲ್ವಾ? ದೀಪಾವಳಿಗೆ ಅಜ್ಜಿ ಎಷ್ಟು ಒತ್ತಾಯ ಮಾಡಿದರೂ ತಟ್ಟೆ ಸರಿಸುತ್ತಿದ್ದರು.

ನಿನಗೆ ಶಾಲೆ ಹುಡುಕುವಾಗ ದೊಡ್ಡ ದೊಡ್ಡ ಶಾಲೆಗಳನ್ನೂ ನೋಡಿದೆ. ಒಂದು ಕಡೆ ಈಜುಕೊಳ ತೋರಿಸಿದರು. ಇನ್ನೊಂದು ಕಡೆ ರ‍್ಯಾಂಕ್ ಬಂದವರ ಫೋಟೋ. ನಿನ್ನ ಶಾಲೆಗೆ ಹೋದ ವರ್ಷ ಆಷಾಢದಲ್ಲಿ ಬೇಕೆಂದೇ ಹೋದೆ, ಮಳೆಯಲ್ಲಿ ನೋಡಬೇಕು ಅಂತ. ಅಲ್ಲಿ ತೋರಿಸೋಕೆ ಅಂಥದ್ದೇನೂ ಇರಲಿಲ್ಲ. ನಾನೇ ಹಿಂದುಗಡೆ ಹೋದೆ. ಬಚ್ಚಲಿನ ಹಂಡೆ ಒಲೆಯ ಮೇಲೆ ಉದ್ದಕ್ಕೆ ಹಗ್ಗ ಕಟ್ಟಿ ಮಕ್ಕಳ ಸಾಕ್ಸ್ ಹರವಿದ್ದರು. ಯಾರದ್ದು ಯಾವುದು ಅಂತ ಗೊತ್ತಾಗಲು ಒಂದೊಂದು ಜೊತೆಗೆ ಒಂದೊಂದು ಬಣ್ಣದ ದಾರ. ಅಡುಗೆಯ ಅಕ್ಕ ಒಂದೊಂದನ್ನೇ ಹಿಚುಕಿ ನೋಡಿ, ಇನ್ನೂ ಒದ್ದೆ ಇದ್ದದ್ದನ್ನು ಬೆಂಕಿಯ ಹತ್ತಿರಕ್ಕೆ ಸರಿಸುತ್ತಿದ್ದರು. ಯಾರೂ ಅವರನ್ನು ನೋಡುತ್ತಿರಲಿಲ್ಲ. ಒದ್ದೆ ಸಾಕ್ಸ್ ಹಾಕಿಕೊಂಡು ಮೂರು ಮಳೆಗಾಲ ಬೆರಳ ಸಂದಿ ಹುಣ್ಣಾಗಿ ಕ್ಲಾಸಿನಲ್ಲಿ ಕೂತವನು ನಾನು. ಅಲ್ಲೇ ತೀರ್ಮಾನ ಮಾಡಿದೆ. ಆಫೀಸಿಗೆ ಹೋಗಿ ಕೇಳಿದ್ದು ಒಂದೇ ಪ್ರಶ್ನೆ: ಮಕ್ಕಳ ಕಾಗದ ಯಾರಾದರೂ ಓದುತ್ತೀರಾ? ಇಲ್ಲ ಅಂದರು.

ಆವತ್ತು ನಿಮ್ಮ ಸೈನ್ಸ್ ಟೀಚರ್ ಕೂಡ ಸಿಕ್ಕಿದ್ದರು, ಕಂಬಳಿ ತಂದ ದಿನ. ದ್ಯುತಿಸಂಶ್ಲೇಷಣೆ ಅಂದರೆ ಏನು ಅಂತ ಅಡಿಕೆ ಸೋಗೆ ಹಿಡಿದು ನನಗೇ ಪಾಠ ಮಾಡಿದವಳು ನೀನು. ಅಲ್ಲಿ ಫೋಟೋಸಿಂಥೆಸಿಸ್ ಅಂದ ಕೂಡಲೇ ತಲೆ ತಗ್ಗಿಸುತ್ತೀಯಂತೆ. ಅವರು ದೂರು ಹೇಳಲಿಲ್ಲ. "ಅವಳಿಗೆ ವಿಷಯ ಗೊತ್ತು, ಪದ ಗೊತ್ತಿಲ್ಲ ಅಷ್ಟೇ" ಅಂದರು. ಆ ಮಾತು ಕೇಳಿ ನನಗೆ ಎಷ್ಟು ಸಂತೋಷ ಆಯಿತು ಗೊತ್ತಾ? 18 ಮಕ್ಕಳ ಕ್ಲಾಸಿನಲ್ಲಿ ಅಡಗಿ ಕೂರೋಕೆ ಜಾಗ ಇಲ್ಲ, ಅದು ಕಷ್ಟವೇ. ನಮ್ಮ ಸೆಕ್ಷನ್ನಿನಲ್ಲಿ 70 ಜನ. ಹಿಂದಿನ ಬೆಂಚಿನಲ್ಲಿ ಕೂತು ಮೂರು ವರ್ಷ ಕಳೆದೆ. ನನಗೆ ಏನು ಬರುತ್ತದೆ, ಏನು ಬರುವುದಿಲ್ಲ ಅಂತ ಯಾವ ಮೇಷ್ಟ್ರಿಗೂ ಗೊತ್ತಾಗಲೇ ಇಲ್ಲ. ನೀನು ಕನ್ನಡದಲ್ಲೇ ಕೇಳು. ಟೀಚರ್ ಒಪ್ಪಿದ್ದಾರೆ.

ಜುಲೈನಲ್ಲಿ ಡಿಸಿ ಮಳೆ ರಜೆ ಕೊಟ್ಟ ದಿನದ ಬಗ್ಗೆ ಫೋನಿನಲ್ಲಿ ಹೇಳಿದೆಯಲ್ಲ. ವ್ಯಾನು ಬರಲಿಲ್ಲ, ಇಡೀ ಶಾಲೆ ನಿಮ್ಮದೇ. ಒಲೆಯ ಕೆಂಡದಲ್ಲಿ ಹಲಸಿನ ಬೇಳೆ ಸುಟ್ಟುಕೊಂಡು, ಟೀಚರ್ ಕಥೆ ಓದಿದರು, ಕರೆಂಟ್ ಹೋದರೂ ನಿಲ್ಲಿಸಲಿಲ್ಲ ಅಂದೆ. ಈ ಎರಡು ತಿಂಗಳಲ್ಲಿ ನಿನ್ನ ದನಿ ನಿನ್ನದೇ ಅನ್ನಿಸಿದ್ದು ಆವತ್ತೊಂದೇ ದಿನ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರ ಮಗ್ಗುಲಲ್ಲೇ ಇದ್ದೀಯ. ಅಂಥ ದಿನಗಳು ಇನ್ನೂ ಬರುತ್ತವೆ.

ಇನ್ನೊಂದು ವಿಷಯ. ಪ್ರವಾಸಕ್ಕೆ ಹೆಸರು ಕೊಟ್ಟಿಲ್ಲ, ಜೋಗ ನೋಡಿದ್ದೇನಲ್ಲ ಅಂತ ಬರೆದಿದ್ದೀಯ. ನೀನು ನೋಡಿದ್ದು ಏಪ್ರಿಲ್‌ನಲ್ಲಿ, ಬರೀ ಬಂಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ನೀರನ್ನು ಕರೆಂಟಿಗೆ ಹಿಡಿದಿಡುತ್ತಾರೆ, ಬೇಸಗೆಯಲ್ಲಿ ಅಲ್ಲಿ ಬೀಳುವುದು ಎಳೆಯಷ್ಟು. ಮಳೆಗಾಲದಲ್ಲಿ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ 253 ಮೀಟರ್ ಕೆಳಕ್ಕೆ ಧುಮುಕುವುದನ್ನು ನೀನು ಎಲ್ಲಿ ನೋಡಿದ್ದೀಯ? ನೀನು ಯಾಕೆ ಬೇಡ ಅಂದೆ ಅಂತ ನನಗೆ ಗೊತ್ತು. ತೋಟಕ್ಕೆ ಎಲೆಚುಕ್ಕಿ ರೋಗ ಬಂದದ್ದು, ಸೊಸೈಟಿ ಸಾಲದ ಮಾತು, ಎಲ್ಲ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದೀಯ. ಫೀಸು ಕಟ್ಟಿ ಆಗಿದೆ. ಪ್ರವಾಸದ ದುಡ್ಡೂ ಕಳಿಸಿದ್ದೇನೆ. ಲೆಕ್ಕ ನನ್ನದು, ಪುಟ್ಟಿ. ನೀನು ಹದಿಮೂರು ವರ್ಷದವಳು. ಹೋಗಿ ನೀರು ನೋಡಿ ಬಾ.

ಭಾನುವಾರದ ಫೋನು ಹತ್ತು ನಿಮಿಷ, ಹಿಂದೆ ಬೇರೆ ಮಕ್ಕಳು ಕಾಯುತ್ತಿರುತ್ತಾರೆ. ಅಲ್ಲಿ ಏನೂ ಹೇಳೋಕಾಗಲ್ಲ, ಗೊತ್ತು. ಅದಕ್ಕೇ ಇದರ ಜೊತೆ ಐದು ಕವರ್ ಇಟ್ಟಿದ್ದೇನೆ. ಸ್ಟಾಂಪು ಹಚ್ಚಿ, ವಿಳಾಸ ಬರೆದಿದ್ದೇನೆ. ಮೂರು ಕವರಿನ ಮೇಲೆ ಅಮ್ಮನ ಹೆಸರಿದೆ. ಅದರಲ್ಲಿ ಏನು ಬೇಕಾದರೂ ಬರಿ. ಎರಡರ ಮೇಲೆ ನನ್ನ ಹೆಸರು ಮಾತ್ರ. ಅವನ್ನು ನಾಲ್ಕೂವರೆಗೆ ವ್ಯಾನು ಹೋದ ಮೇಲೆ, ಮೆಟ್ಟಿಲ ಮೇಲೆ ಕೂತು ಬರಿ.

ನಿನ್ನ
ಅಪ್ಪ