ಉಣುಗೋಲು ತೆಗೆದಿಟ್ಟು ಹೋದವರು

ಪ್ರೀತಿಯ ಗೆಳೆಯಾ,

ಭಾನುವಾರ ನಮ್ಮ ತೋಟದ ಕೆಳಗಿನ ಹಳ್ಳದಲ್ಲಿ ಫೋಟೋ ತೆಗೆಸಿಕೊಂಡವರು ನಿನ್ನ ಆಫೀಸಿನ ಹುಡುಗರೇ ಅಂತ ಬರೆದಿದ್ದೀಯ. ಬೇಲಿ ಇರಲಿಲ್ಲವಂತೆ, ಒಳಗೆ ಹೋದರೆ ತಪ್ಪೇನು ಅಂತಲೂ ಕೇಳಿದ್ದೀಯ. ಬೇಲಿ ಇತ್ತು ಮಾರಾಯ, ಉಣುಗೋಲೂ ಇತ್ತು. ಎರಡು ಕಂಬಗಳ ತೂತಿಗೆ ಅಡ್ಡ ಸಿಕ್ಕಿಸಿದ ನಾಲ್ಕು ಬಿದಿರ ಗಳ. ಬರುವಾಗ ಮೂರನ್ನು ಸರಿಸಿದರು, ಒಂದನ್ನು ಮುರಿದರು, ಹೋಗುವಾಗ ಹಾಗೇ ಬಿಟ್ಟರು.

ಆ ಸಂಜೆ ದನ ನುಗ್ಗಿ ಹನ್ನೊಂದು ಅಡಿಕೆ ಸಸಿ ಮೇಯ್ದವು. ಗರಿ ಹರಿದರೆ ಹೊಸದು ಬರುತ್ತದೆ. ಆದರೆ ಅಡಿಕೆಗಿರುವುದು ತಲೆಯಲ್ಲಿ ಚಿಗುರುವ ಒಂದೇ ಸುಳಿ, ಅದು ಹೋದರೆ ಗಿಡ ಮುಗಿಯಿತು. ಬೆಳಿಗ್ಗೆ ಒಂದೊಂದರ ತಲೆ ಮುಟ್ಟಿ ನೋಡಿದೆ. ಏಳರಲ್ಲಿ ಸುಳಿಯಿಲ್ಲ. ಕಿತ್ತ ಜಾಗದಲ್ಲಿ ಬೆರಳು ಹೋಗುವಷ್ಟು ಗುಳಿ, ಅದರೊಳಗೆ ಇಬ್ಬನಿ ನೀರು.

ಪೊಲೀಸರಿಗೆ ಹೇಳು ಅಂದರು ಊರವರು. 2024ರ ಜುಲೈ 1ರಿಂದ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 447ನೇ ಕಲಮಿನ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಬಂದಿದೆ. ಅತಿಕ್ರಮ ಪ್ರವೇಶಕ್ಕೆ 3 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೊದಲು ದಂಡ 500 ಇತ್ತು. ಆದರೆ ಅಪರಾಧ ಮಾಡುವ, ಬೆದರಿಸುವ, ಅವಮಾನಿಸುವ ಅಥವಾ ಕಾಟ ಕೊಡುವ ಉದ್ದೇಶ ಇದ್ದರೆ ಮಾತ್ರ ಆ ಕೇಸು ನಿಲ್ಲುತ್ತದೆ. ಹಳ್ಳ ನೋಡಲು ಬಂದ ಹುಡುಗರಿಗೆ ಅಂಥ ಉದ್ದೇಶ ಎಲ್ಲಿತ್ತು? ನಾನು ಠಾಣೆಗೆ ಹೋಗಲಿಲ್ಲ.

ನನ್ನ ಸಂಕಟವೇ ಬೇರೆ. ಮನೆಯಲ್ಲಿ ಈಗ ಕಬ್ಬಿಣದ ಗೇಟು, ಬೀಗದ ಮಾತು ಎದ್ದಿದೆ. ಆಚೆ ಕೇರಿಯ ಅಜ್ಜಿ ಡೈರಿಗೆ ಹಾಲು ಒಯ್ಯುವುದು ಇದೇ ದಾರಿಯಲ್ಲಿ, ಅಪ್ಪನ ಕಾಲದಿಂದ. ಪ್ರತಿದಿನ ಕ್ಯಾನು ಕೆಳಗಿಟ್ಟು, ಗಳ ಸರಿಸಿ, ದಾಟಿ, ನಾಲ್ಕನ್ನೂ ಮತ್ತೆ ಸಿಕ್ಕಿಸಿಯೇ ಮುಂದೆ ಹೋಗುತ್ತಾರೆ. ಗ್ರಾಮ ನಕಾಶೆಯಲ್ಲಿ ಈ ಕಾಲುದಾರಿ ಇಲ್ಲ. ಬೇರೆಯವರ ಜಮೀನಿನಲ್ಲಿ ನಡೆದುಹೋಗುವಂಥ ಹಕ್ಕುಗಳನ್ನು ಹೇಳುವ 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ 20 ವರ್ಷ ತಡೆಯಿಲ್ಲದೆ, ತನ್ನ ಹಕ್ಕು ಅಂತಲೇ ನಡೆದವರಿಗೆ ದಾರಿ ಸಿಗುತ್ತದೆ. ಒಪ್ಪಿಗೆ ಪಡೆದು ನಡೆದವರಿಗೆ ಸಿಗುವುದಿಲ್ಲ. ಅಜ್ಜಿ ಅಪ್ಪನನ್ನು ಕೇಳಿ ನಡೆಯಲು ಶುರು ಮಾಡಿದವರು. ಕೇಳದೆ ಬಂದವರಿಂದಾಗಿ ಕೇಳಿ ಬಂದವರ ದಾರಿಗೆ ಬೀಗ ಬೀಳುವುದನ್ನು ನನ್ನಿಂದ ನೋಡಲಾಗದು.

ಹುಡುಗರಿಗೆ ಬೈಯಬೇಡ, ಈ ಪತ್ರ ತೋರಿಸು. ಇನ್ನೊಮ್ಮೆ ಬಂದರೆ ಮೊದಲು ನಮ್ಮ ಅಂಗಳಕ್ಕೆ ಬಂದು ಕೂಗಲಿ, ಹಳ್ಳದವರೆಗೆ ನಾನೇ ಕರೆದೊಯ್ಯುತ್ತೇನೆ. ಗೇಟಿನ ಮಾತನ್ನು ಮಳೆಗಾಲದವರೆಗೆ ಮುಂದೂಡಿಸಿದ್ದೇನೆ. ಮುರಿದ ಗಳಕ್ಕೆ ಬದಲಾಗಿ ಇವತ್ತು ಹೊಸ ಬಿದಿರು ಕಡಿದು ತಂದೆ.

ನಿನ್ನ ಗೆಳೆಯ